ಕಾಂಕ್ರೀಟ್ ಕುಗ್ಗಿ ಬಿರುಕು ಬಿಟ್ಟಾಗ ಅಲ್ಟ್ರಾಸೋನಿಕ್ ಟೆಸ್ಟ್: ಕೊಡಗಿನವರು ಪದೇ ಪದೇ ಕೇಳೋ ಪ್ರಶ್ನೆಗಳು

ಕಾಫಿ ಕಣ, ನೀರಿನ ಟ್ಯಾಂಕ್, ಹೋಂಸ್ಟೇ ಸ್ಲ್ಯಾಬ್, ಗೋಡೌನ್ ಫ್ಲೋರ್, ಎಲ್ಲಿಗೆ ಹೋದ್ರೂ ಸುಮಾರು ಇದೇ ಪ್ರಶ್ನೆಗಳು ಬರ್ತವೆ, ಮಡಿಕೇರಿ ಆಗ್ಲಿ ಗೋಣಿಕೊಪ್ಪ ಆಗ್ಲಿ. ಹಾಗಾಗಿ ಎಲ್ಲಾ ಒಂದೇ ಕಡೆ ಬರ್ದಿಟ್ಟಿದೀನಿ. ಪ್ರಶ್ನೆಗಳನ್ನ ಜನ ಕೇಳೋ ಹಾಗೇ ಹಾಕಿದೀನಿ, ಚಂದ ಮಾಡಕ್ಕೆ ಹೋಗಿಲ್ಲ.

ಕಣ ಹಾಕಿ ವರ್ಷ ಆಗಿಲ್ಲ, ಆಗ್ಲೇ ಕೂದಲೆಳೆ ಬಿರುಕು. ಸಿಮೆಂಟ್ ಕಮ್ಮಿ ಹಾಕಿದಾರಾ?

ಎಲ್ಲರೂ ಮೊದಲು ಕೇಳೋದು ಇದನ್ನೇ, ಆದ್ರೆ ಸುಮಾರು ಕಡೆ ಕಥೆ ಉಲ್ಟಾ ಇರುತ್ತೆ. ಕಾಂಕ್ರೀಟಲ್ಲಿ ಕುಗ್ಗೋದು ಸಿಮೆಂಟ್ ಮತ್ತು ನೀರು ಸೇರಿ ಆದ ಪೇಸ್ಟ್, ಜಲ್ಲಿ ಕುಗ್ಗಲ್ಲ, ಜಲ್ಲಿ ಅದನ್ನ ತಡೆದು ಹಿಡಿಯುತ್ತೆ. ಮೇಸ್ತ್ರಿ ಕೆಲಸ ಸಲೀಸಾಗ್ಲಿ ಅಂತ ಎರಡು ಬಕೆಟ್ ನೀರು ಜಾಸ್ತಿ ಸುರಿದ್ರೆ ಆ ನೀರು ಆಮೇಲೆ ಆರಿ ಹೋಗ್ಲೇಬೇಕು, ಆರಿದಷ್ಟೂ ಕಾಂಕ್ರೀಟ್ ಕುಗ್ಗುತ್ತೆ, ಕುಗ್ಗಕ್ಕೆ ಕೆಳಗಿನ ಮಣ್ಣು, ಪಕ್ಕದ ಗೋಡೆ, ಒಳಗಿನ ಕಂಬಿ ಬಿಡದೇ ಇದ್ರೆ ಸೀಳುತ್ತೆ. ಡಿಸೈನಿಗೆ ಬೇರೆ ಮಾಹಿತಿ ಇಲ್ಲದೇ ಇದ್ರೆ ಒಟ್ಟು ಕುಗ್ಗುವಿಕೆ 0.0003 ಅಂತ ಹಿಡೀರಿ ಅನ್ನುತ್ತೆ ಐಎಸ್ 456:2000, ಕಾಂಕ್ರೀಟ್ ಕೆಲಸಕ್ಕೆ ಇರೋ ಭಾರತದ ಸ್ಟ್ಯಾಂಡರ್ಡ್. ಅಂದ್ರೆ ಮೀಟರಿಗೆ 0.3 ಮಿಲಿಮೀಟರ್, 10 ಮೀಟರ್ ಉದ್ದದ ಕಣಕ್ಕೆ 3 ಮಿಲಿಮೀಟರ್. ಜಾಯಿಂಟೇ ಕೊಡದೆ ಒಂದೇ ಹಾಸು ಹಾಕಿದ್ರೆ ಆ 3 ಮಿಲಿಮೀಟರ್ ಎಲ್ಲಾದ್ರೂ ತೋರ್ಸಿಕೊಳ್ಳಲೇಬೇಕು.

ಇದರಲ್ಲೂ ಬೇರೆ ಬೇರೆ ಜಾತಿ ಇದೆ. ಹಾಕಿದ ಮೊದಲ ಕೆಲವು ಗಂಟೆಯಲ್ಲೇ, ಕಾಂಕ್ರೀಟ್ ಇನ್ನೂ ಮೆತ್ತಗಿರುವಾಗ, ಮೇಲಿನ ನೀರು ಗಾಳಿಗೆ ಬೇಗ ಆರಿಹೋದ್ರೆ ಬರೋದು ಪ್ಲಾಸ್ಟಿಕ್ ಶ್ರಿಂಕೇಜ್. ಒಂದು ಚದರ ಮೀಟರಿಂದ ಗಂಟೆಗೆ 1 ಕೆಜಿ ನೀರು ಆರೋ ಮಟ್ಟ ಬಂದ್ರೆ ಹುಷಾರು ಅನ್ನೋದು ಸಾಮಾನ್ಯ ಲೆಕ್ಕ. ನಮ್ಮಲ್ಲಿ ಫೆಬ್ರವರಿ ಮಾರ್ಚಲ್ಲಿ ಒಣ ಗಾಳಿ ಬೀಸೋ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಾಂಕ್ರೀಟ್ ಶುರು ಮಾಡಿದ್ರೆ ಇದು ಗ್ಯಾರಂಟಿ ಅಂತಾನೇ ಇಟ್ಕೊಳ್ಳಿ. ತಿಂಗಳುಗಟ್ಟಲೆ ನಿಧಾನವಾಗಿ ಬರೋದು ಡ್ರೈಯಿಂಗ್ ಶ್ರಿಂಕೇಜ್, ಕಣ ಮತ್ತು ಸ್ಲ್ಯಾಬ್‌ಗಳಲ್ಲಿ ಬರೋ ತಲೆನೋವು ಮುಕ್ಕಾಲು ಪಾಲು ಇದೇ. ನೀರು ತುಂಬಾ ಕಮ್ಮಿ ಇರೋ ಹೈ ಸ್ಟ್ರೆಂತ್ ಕಾಂಕ್ರೀಟಲ್ಲಿ ಹೊರಗೆ ಆರದೇ ಇದ್ರೂ ಒಳಗೊಳಗೇ ಕುಗ್ಗೋದು ಇನ್ನೊಂದು, ಅದು ಮನೆ ಕಟ್ಟೋರಿಗೆ ಅಷ್ಟಾಗಿ ಬರಲ್ಲ.

ಬಿರುಕು ಕಣ್ಣಿಗೇ ಕಾಣ್ತಿದೆಯಲ್ಲ, ಅದಕ್ಕೆ ಮೆಷಿನ್ ಯಾಕೆ?

ಕಣ್ಣಿಗೆ ಕಾಣೋದು ಅಗಲ ಮಾತ್ರ. ಆಳ ಎಷ್ಟು, ಒಳಗೆ ಕಾಣದೇ ಇರೋ ಸಣ್ಣ ಸಣ್ಣ ಬಿರುಕು ಎಷ್ಟಿದೆ, ಹೋದ ವರ್ಷಕ್ಕಿಂತ ಈ ವರ್ಷ ಜಾಸ್ತಿ ಆಗಿದೆಯಾ, ಇವು ಮೂರೂ ಕಣ್ಣಿಗೆ ಕಾಣಲ್ಲ. ಕಾಂಕ್ರೀಟ್ ಆರೋದು ಮೇಲ್ಮೈಯಿಂದ, ಬೇಸಿಗೇಲಿ ಕೆರೆ ಕೆಸರು ಮೇಲೆ ಒಣಗಿ ಒಳಗೆ ಹಸಿ ಇರುತ್ತಲ್ಲ ಹಾಗೆ. ಮೇಲಿನ ಪದರ ಕುಗ್ಗಕ್ಕೆ ನೋಡುತ್ತೆ ಒಳಗಿನದು ಬಿಡಲ್ಲ, ಆ ಎಳೆದಾಟದಲ್ಲಿ ಜಲ್ಲಿ ಸುತ್ತ, ಪೇಸ್ಟ್ ಒಳಗೆ ಮೈಕ್ರೋ ಕ್ರ್ಯಾಕ್ ಆಗುತ್ತೆ, ದೊಡ್ಡ ಬಿರುಕು ಕಾಣಿಸೋಕೆ ಮುಂಚೇನೇ ಇದು ಶುರುವಾಗಿರುತ್ತೆ.

ಹಾಗಂತ ಎಲ್ಲಾ ಕೂದಲೆಳೆಗೂ ಟೆಸ್ಟ್ ಮಾಡಿಸ್ಬೇಡಿ, ದುಡ್ಡು ದಂಡ. ಕಣದಲ್ಲಿ ಕಾಫಿ ಬೀಜ ಸಿಕ್ಕಿಕೊಳ್ಳದಷ್ಟು ಸಣ್ಣ ಬಿರುಕಿಗೆ ಪೆನ್ಸಿಲಲ್ಲಿ ತುದಿ ಗುರುತು ಮಾಡಿ ತಾರೀಖು ಬರೆದು ಬಿಟ್ಬಿಡಿ, ಸಾಕು. ನೀರು ನಿಲ್ಲೋ ಟ್ಯಾಂಕ್, ಮೇಲಂತಸ್ತಿನ ಸ್ಲ್ಯಾಬ್, ಬಾಲ್ಕನಿ, ಲೋಡ್ ಲಾರಿ ನಿಲ್ಲೋ ಫ್ಲೋರ್ ಆದ್ರೆ ಮಾತ್ರ ಯೋಚನೆ ಮಾಡಿ.

ಆ ಮೆಷಿನ್ ಏನ್ ಮಾಡುತ್ತೆ?

ಎರಡು ಪ್ರೋಬ್ ಇರುತ್ತೆ. ಒಂದು ಶಬ್ದದ ಸಣ್ಣ ಹೊಡೆತ ಕಳಿಸುತ್ತೆ, ಸಾಮಾನ್ಯವಾಗಿ 54 ಕಿಲೋಹರ್ಟ್ಜ್, ನಮ್ಮ ಕಿವಿ 20ಕ್ಕೇ ನಿಂತುಹೋಗುತ್ತೆ ಹಾಗಾಗಿ ಕೇಳಲ್ಲ. ಇನ್ನೊಂದು ಅದನ್ನ ಹಿಡಿಯುತ್ತೆ. ಮಧ್ಯೆ ಎಷ್ಟು ಮೈಕ್ರೋಸೆಕೆಂಡ್ ಆಯ್ತು ಅಂತ ಸ್ಕ್ರೀನ್ ಮೇಲೆ ಬರುತ್ತೆ, ದೂರವನ್ನ ಆ ಸಮಯದಿಂದ ಭಾಗಿಸಿದ್ರೆ ವೇಗ. ಇದಕ್ಕೆ ಯುಪಿವಿ (ಅಲ್ಟ್ರಾಸೋನಿಕ್ ಪಲ್ಸ್ ವೆಲಾಸಿಟಿ) ಟೆಸ್ಟ್ ಅಂತಾರೆ, ಹಳೇ ಇಂಜಿನಿಯರುಗಳು ಪಂಡಿಟ್ ಟೆಸ್ಟ್ ಅಂತಾನೂ ಅಂತಾರೆ, ಅದು ಒಂದು ಮೆಷಿನ್ನಿನ ಬ್ರ್ಯಾಂಡ್ ಹೆಸರು, ಜೆರಾಕ್ಸ್ ಅನ್ನೋ ಹಾಗೆ ಬಾಯಿಗೆ ಹತ್ಕೊಂಡಿದೆ.

ಒಳ್ಳೇ ಕಾಂಕ್ರೀಟಲ್ಲಿ ಶಬ್ದ ಸೆಕೆಂಡಿಗೆ 4 ಕಿಲೋಮೀಟರ್ ಆಸುಪಾಸು ಓಡುತ್ತೆ. ಗಾಳಿಯಲ್ಲಿ ಬರೀ 340 ಮೀಟರ್ ಚಿಲ್ಲರೆ. ಬಿರುಕು ಅಂದ್ರೆ ಒಳಗೆ ಗಾಳಿ, ಶಬ್ದ ಅದನ್ನ ದಾಟಕ್ಕಾಗದೆ ಸುತ್ತಿಕೊಂಡು ಬರುತ್ತೆ, ದಾರಿ ಉದ್ದ ಆಗುತ್ತೆ, ಟೈಮ್ ಜಾಸ್ತಿ ಆಗುತ್ತೆ. ಇಷ್ಟೇ ಇದರ ಗುಟ್ಟು.

ಎಷ್ಟು ಬಂದ್ರೆ ಒಳ್ಳೇದು?

ಐಎಸ್ 13311 ಮೊದಲ ಭಾಗ, 1992ರದ್ದು, ಅದರಲ್ಲಿರೋ ಪಟ್ಟಿಯನ್ನೇ ಈಗಲೂ ಎಲ್ಲರೂ ಬಾಯಲ್ಲಿ ಹೇಳೋದು: ಸೆಕೆಂಡಿಗೆ 4.5 ಕಿಲೋಮೀಟರ್ ಮೇಲಿದ್ರೆ ಅತ್ಯುತ್ತಮ, 3.5ರಿಂದ 4.5 ಒಳ್ಳೇದು, 3.0ರಿಂದ 3.5 ಸಾಧಾರಣ, 3.0ಕ್ಕಿಂತ ಕೆಳಗೆ ಅನುಮಾನ. 2018ರಲ್ಲಿ ಈ ಟೆಸ್ಟನ್ನ ಐಎಸ್ 516ರ ಐದನೇ ಭಾಗಕ್ಕೆ ಸೇರಿಸಿದಾರೆ, ರಿಪೋರ್ಟ್ ಕೊಡೋರು ಯಾವುದರ ಪ್ರಕಾರ ಮಾಡಿದ್ದು ಅಂತ ಬರೆದಿದಾರಾ ನೋಡ್ಕೊಳ್ಳಿ.

ಆದ್ರೆ ಈ ಪಟ್ಟಿ ಇರೋದು ಕಾಂಕ್ರೀಟ್ ಕ್ವಾಲಿಟಿ ಹೇಗಿದೆ ಅನ್ನಕ್ಕೆ. ಕುಗ್ಗುವಿಕೆ ಡ್ಯಾಮೇಜ್ ಗಮನಿಸಕ್ಕೆ ಈ ಪಟ್ಟಿ ಹಿಡ್ಕೊಂಡು ಕೂತ್ರೆ ಏನೂ ಸಿಗಲ್ಲ. ಮೊದಲು 4.3 ಇದ್ದಿದ್ದು ಈಗ 3.8 ಆಗಿದ್ರೂ ಪಟ್ಟಿ ಪ್ರಕಾರ ಎರಡೂ "ಒಳ್ಳೇದು"! ನಿಮ್ಮ ಸ್ಲ್ಯಾಬ್ ಒಳಗೆ ಏನೋ ಆಗಿರುತ್ತೆ, ರಿಪೋರ್ಟಲ್ಲಿ ಗುಡ್ ಅಂತಾನೇ ಬರುತ್ತೆ. ಜಲ್ಲಿ ಕಲ್ಲು ಯಾವುದು, ಜಲ್ಲಿ ಎಷ್ಟು ಪಾಲು ಇದೆ ಅನ್ನೋದರ ಮೇಲೂ ವೇಗ ಬದಲಾಗುತ್ತೆ, ಹಾಗಾಗಿ ಪಕ್ಕದ ತೋಟದವರ ನಂಬರ್ ಜೊತೆ ಹೋಲಿಸೋದೂ ವೇಸ್ಟ್.

ಹಾಗಾದ್ರೆ ಒಂದು ಸಲ ಮಾಡಿಸಿದ್ರೆ ಸಾಲಲ್ವಾ?

ಸಾಲಲ್ಲ. ನಿಮ್ಮ ಕಾಂಕ್ರೀಟನ್ನ ಅದರದ್ದೇ ಹಳೇ ರೀಡಿಂಗ್ ಜೊತೆ ಹೋಲಿಸ್ಬೇಕು. ಅದಕ್ಕೆ ಮೊದಲ ಸಲ ಬಂದಾಗಲೇ ಪ್ರೋಬ್ ಇಟ್ಟ ಜಾಗಗಳಿಗೆ ಅಳಿಸದ ಹಾಗೆ ಪೇಂಟಲ್ಲಿ ಗುರುತು ಹಾಕಿಸಿ ನಂಬರ್ ಕೊಡ್ಸಿ, ಮುಂದಿನ ಸಲ ಅದೇ ಗುರುತಿನ ಮೇಲೇ ಇಡ್ಬೇಕು, ಆದಷ್ಟೂ ಅದೇ ಮೆಷಿನ್, ಅದೇ ಪ್ರೋಬ್. ಗುರುತು ಇಲ್ದೆ "ಸುಮಾರು ಅಲ್ಲೇ" ಅಂತ ಇಟ್ರೆ ಬಂದ ವ್ಯತ್ಯಾಸ ಬಿರುಕಿಂದಾನಾ ಜಾಗ ಬದಲಾಗಿದ್ದರಿಂದಾನಾ ಗೊತ್ತಾಗಲ್ಲ.

ಇನ್ನೊಂದು ವಿಷಯ, ಇದನ್ನ ಟೆಸ್ಟ್ ಮಾಡೋರೇ ಎಷ್ಟೋ ಜನ ಹೇಳಲ್ಲ. 125 ಮಿಲಿಮೀಟರ್ ಸ್ಲ್ಯಾಬ್ ಅಂತ ಡ್ರಾಯಿಂಗಲ್ಲಿರುತ್ತೆ, ನಿಜವಾಗಿ ಆ ಜಾಗದಲ್ಲಿ 130 ಇದ್ರೆ ವೇಗದ ಲೆಕ್ಕದಲ್ಲಿ 4 ಪರ್ಸೆಂಟ್ ತಪ್ಪು ಅಲ್ಲೇ ಬಂತು. ಆದ್ರೆ ಅದೇ ಜಾಗದ ಹಳೇ ಟೈಮು ಹೊಸ ಟೈಮು ಮಾತ್ರ ಹೋಲಿಸಿದ್ರೆ ದಪ್ಪ ಎಷ್ಟಿದ್ರೂ ಪರ್ವಾಗಿಲ್ಲ, ಯಾಕಂದ್ರೆ ದಪ್ಪ ಬದಲಾಗಿಲ್ಲ. ಹಾಗಾಗಿ ರಿಪೋರ್ಟಲ್ಲಿ ವೇಗ ಒಂದೇ ಅಲ್ಲ, ಮೈಕ್ರೋಸೆಕೆಂಡ್ ಕೂಡ ಬರ್ಸ್ಕೊಳ್ಳಿ.

ಮಳೆಗಾಲದಲ್ಲಿ ಮಾಡಿಸ್ಬಹುದಾ? ಆಗ ತೋಟದ ಕೆಲಸ ಕಮ್ಮಿ ಇರುತ್ತೆ, ನಮಗೆ ಪುರುಸೊತ್ತು.

ಮಾಡಿಸ್ಬಹುದು, ಮೆಷಿನ್ನಿಗೆ ಏನೂ ಆಗಲ್ಲ, ಆದ್ರೆ ರೀಡಿಂಗ್ ನಿಮ್ಮನ್ನ ಮೋಸ ಮಾಡುತ್ತೆ. ನಮ್ಮ ಜಿಲ್ಲೆಯಲ್ಲಿ ಈ ಟೆಸ್ಟಿನ ದೊಡ್ಡ ಸಮಸ್ಯೆ ಅಂದ್ರೆ ಇದೇ, ಬೇರೆ ಎಲ್ಲಾ ಆಮೇಲೆ.

ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1480 ಮೀಟರ್, ಗಾಳಿಗಿಂತ ನಾಲ್ಕು ಪಟ್ಟಿಗೂ ಮೇಲೆ. ಅದಕ್ಕಿಂತ ಮುಖ್ಯ ಅಂದ್ರೆ ಕಾಂಕ್ರೀಟಿಂದ ಗಾಳಿಗೆ ಹೋಗುವಾಗ ಶಬ್ದ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಹೊಡೆಯುತ್ತೆ, ನೀರಾದ್ರೆ ಒಂದಷ್ಟು ದಾಟ್ಕೊಂಡು ಹೋಗುತ್ತೆ. ಈಗ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ವಾರಗಟ್ಟಲೆ ಬಿಡದೆ ಹೊಡೆಯುವಾಗ ಬಿರುಕು ತುಂಬಾ ನೀರು ನಿಂತಿರುತ್ತೆ, ಪ್ರೋಬ್ ಇಟ್ರೆ ಶಬ್ದ ಸೀದಾ ಆ ನೀರಿನ ಸೇತುವೆ ಮೇಲೆ ದಾಟಿಬಿಡುತ್ತೆ, ಮೆಷಿನ್ "ಬಿರುಕೇ ಇಲ್ಲ" ಅನ್ನೋ ಥರ ನಂಬರ್ ಕೊಡುತ್ತೆ. ಅದರ ಮೇಲೆ ಕಾಂಕ್ರೀಟಿನ ಸಣ್ಣ ರಂಧ್ರಗಳೂ ನೀರು ಕುಡಿದು ಒಟ್ಟು ವೇಗಾನೂ ಕೆಲವು ಪರ್ಸೆಂಟ್ ಏರಿರುತ್ತೆ. ಅದೇ ಸ್ಲ್ಯಾಬನ್ನ ಮಾರ್ಚಲ್ಲಿ ನೋಡಿದ್ರೆ ಬಿರುಕಲ್ಲಿ ಗಾಳಿ, ರಂಧ್ರದಲ್ಲೂ ಗಾಳಿ, ವೇಗ ಬಿದ್ದಿರುತ್ತೆ. ಆಗಸ್ಟಲ್ಲಿ ಒಂದು, ಮಾರ್ಚಲ್ಲಿ ಒಂದು ತಗೊಂಡು "ಅಯ್ಯೋ ಏಳು ತಿಂಗಳಲ್ಲಿ ಇಷ್ಟು ಹಾಳಾಯ್ತು" ಅಂತ ಗಾಬರಿ ಆಗೋದು, ಅಥವಾ ಮಾರ್ಚಲ್ಲಿ ಒಂದು ಆಗಸ್ಟಲ್ಲಿ ಒಂದು ತಗೊಂಡು ವಾಟರ್‌ಪ್ರೂಫಿಂಗ್ ಕೆಮಿಕಲ್ ಬಳಿದಿದ್ದರಿಂದ ಸರಿಹೋಯ್ತು ಅಂತ ಖುಷಿಪಡೋದು, ಎರಡೂ ಬರೀ ನೀರಿನ ಆಟ ಇರ್ಬಹುದು. ಕೆಮಿಕಲ್ ಮಾರೋರಿಗೆ ಎರಡನೇದು ತುಂಬಾ ಇಷ್ಟ ಅನ್ನೋದು ಬೇರೆ ಮಾತು.

ಹಾಗಾದ್ರೆ ಯಾವಾಗ ಯಾವಾಗ ರೀಡಿಂಗ್ ತಗೋಬೇಕು?

ಹೊಸ ಕಾಂಕ್ರೀಟ್ ಆದ್ರೆ ಕ್ಯೂರಿಂಗ್ (ಒದ್ದೆ ಇಟ್ಟು ಗಟ್ಟಿಯಾಗಕ್ಕೆ ಬಿಡೋದು) ಮುಗಿದ ಮೇಲೆ, ಹಾಕಿ 28 ದಿನಕ್ಕೆ ಒಂದು, ಅದು ನಿಮ್ಮ ಬೇಸ್. ಆಮೇಲೆ ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ. ಕುಗ್ಗುವಿಕೆ ಮೊದಲ ತಿಂಗಳುಗಳಲ್ಲೇ ಜೋರು, ಆಮೇಲೆ ನಿಧಾನ ಆಗುತ್ತೆ, ಹಾಗಾಗಿ ಶುರುವಲ್ಲಿ ಹತ್ತಿರ ಹತ್ತಿರ, ಆಮೇಲೆ ದೂರ ದೂರ.

ಹಳೇ ಕಟ್ಟಡ ಆದ್ರೆ ವರ್ಷಕ್ಕೆ ಒಂದು ಸಲ ಸಾಕು, ಆದ್ರೆ ಪ್ರತಿ ವರ್ಷ ಅದೇ ಸೀಸನ್. ನನ್ನ ಕೇಳಿದ್ರೆ ಫೆಬ್ರವರಿಯಲ್ಲಿ, ಹೂ ಮಳೆ ಬೀಳೋ ಮುಂಚೆ, ಆಗ ಕಾಂಕ್ರೀಟ್ ಚೆನ್ನಾಗಿ ಒಣಗಿರುತ್ತೆ ಬಿರುಕೂ ಬಾಯಿ ಬಿಟ್ಟಿರುತ್ತೆ. ಕಣದಲ್ಲಿ ರೋಬಸ್ಟಾ ಹರಡಿರುತ್ತೆ ಜಾಗ ಇಲ್ಲ ಅಂದ್ರೆ ಒಂದು ಮೂಲೆ ಖಾಲಿ ಮಾಡ್ಕೊಡಿ, ಒಂದು ದಿನದ ಕೆಲಸ ಅಷ್ಟೇ. ಇನ್ನೊಂದು ರೀಡಿಂಗ್ ಬೇಕೇ ಬೇಕು ಅನ್ನೋರು ಹುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲೆ ತಗೊಳ್ಳಿ, ಆದ್ರೆ ಅದನ್ನ ಮುಂದಿನ ಹುತ್ತರಿಯ ರೀಡಿಂಗ್ ಜೊತೆ ಮಾತ್ರ ಹೋಲಿಸಿ.

ಸ್ಲ್ಯಾಬಿಗಾದ್ರೆ ಮೇಲೊಂದು ಕೆಳಗೊಂದು ಪ್ರೋಬ್ ಇಡ್ತಾರೆ. ಕಣಕ್ಕೆ ಕೆಳಗೆ ಮಣ್ಣಿದೆಯಲ್ಲ?

ಮೇಲೇ ಎರಡೂ ಇಡ್ತಾರೆ, ಇದು ಇಂಡೈರೆಕ್ಟ್ ವಿಧಾನ. ಕಳಿಸೋ ಪ್ರೋಬ್ ಒಂದೇ ಕಡೆ ಇಟ್ಟು, ಹಿಡಿಯೋದನ್ನ 100, 200, 300 ಮಿಲಿಮೀಟರ್ ಅಂತ ಸಾಲಾಗಿ ದೂರ ಇಡ್ತಾ ಹೋಗಿ ಗ್ರಾಫ್ ಹಾಕೋದು. ಕಾಂಕ್ರೀಟ್ ಸರಿ ಇದ್ರೆ ಗೆರೆ ನೆಟ್ಟಗೆ ಹೋಗುತ್ತೆ. ಉದಾಹರಣೆಗೆ 27, 53, 79 ಮೈಕ್ರೋಸೆಕೆಂಡ್ ಅಂತ 26ರ ಲೆಕ್ಕದಲ್ಲಿ ಏರ್ತಾ ಬಂದಿದ್ದು 400 ಮಿಲಿಮೀಟರಲ್ಲಿ ಇದ್ದಕ್ಕಿದ್ದಂತೆ 118 ಆದ್ರೆ, 300ಕ್ಕೂ 400ಕ್ಕೂ ಮಧ್ಯೆ ಬಿರುಕು ಕೂತಿದೆ ಅಂತ. ಹಾರದೆ ಗೆರೆಯ ಓಟವೇ ಒಂದು ಕಡೆ ಬಗ್ಗಿದ್ರೆ ಮೇಲಿನ ಪದರ ಸಡಿಲ, ಒಳಗಿನದು ಗಟ್ಟಿ ಅಂತ ಅರ್ಥ.

ಸಾಮಾನ್ಯವಾಗಿ ಈ ವಿಧಾನವನ್ನ ಎರಡನೇ ದರ್ಜೆ ಅಂತಾರೆ, ಸಿಗ್ನಲ್ ವೀಕ್, ವೇಗ ಕೂಡ ಎದುರುಬದುರು ಇಟ್ಟಾಗ ಬರೋದಕ್ಕಿಂತ ಕಮ್ಮಿ ಬರುತ್ತೆ, ಎರಡನ್ನೂ ಬೆರೆಸಿ ಲೆಕ್ಕ ಹಾಕಬಾರದು. ಆದ್ರೆ ಕುಗ್ಗುವಿಕೆ ಡ್ಯಾಮೇಜ್ ಶುರುವಾಗೋದೇ ಮೇಲಿನ ಚರ್ಮದಲ್ಲಿ, ಈ ಶಬ್ದ ಹೋಗೋದೂ ಮೇಲುಮೇಲೆ, ಹಾಗಾಗಿ ನಮ್ಮ ಕೆಲಸಕ್ಕೆ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಬಿರುಕು ಎಷ್ಟು ಆಳ ಇದೆ ಅಂತ ಹೇಳುತ್ತಾ?

ಹೇಳುತ್ತೆ, ಬಿರುಕು ಮೇಲ್ಮೈಗೆ ನೇರ ಕೆಳಗೆ ಇಳಿದಿದ್ರೆ, ಒಳಗೆ ಒಣಗಿದ್ರೆ, ಕಂಬಿ ಅಡ್ಡ ಇಲ್ದೇ ಇದ್ರೆ. ಬಿರುಕಿನ ಎರಡೂ ಪಕ್ಕ 150 ಮಿಲಿಮೀಟರಿಗೆ ಒಂದೊಂದು ಪ್ರೋಬ್ ಇಟ್ಟು ಟೈಮ್ ತಗೊಳ್ಳಿ, ಆಮೇಲೆ 300ಕ್ಕೆ ಇಟ್ಟು ತಗೊಳ್ಳಿ. ಮೊದಲನೇ ಟೈಮಿನ ವರ್ಗದ ನಾಲ್ಕು ಪಟ್ಟಿನಿಂದ ಎರಡನೇದರ ವರ್ಗ ಕಳೀರಿ, ಅದನ್ನ ಎರಡು ವರ್ಗಗಳ ವ್ಯತ್ಯಾಸದಿಂದ ಭಾಗಿಸಿ, ವರ್ಗಮೂಲ ತೆಗೆದು 150ರಿಂದ ಗುಣಿಸಿ. 85 ಮತ್ತು 155 ಮೈಕ್ರೋಸೆಕೆಂಡ್ ಬಂದಿದ್ರೆ ಆಳ ಸುಮಾರು 81 ಮಿಲಿಮೀಟರ್. ನಾಲ್ಕಿಂಚು ಕಣದಲ್ಲಿ ಅದು ಮುಕ್ಕಾಲು ದಪ್ಪ ಸೀಳಿದ ಹಾಗೆ, ಮೇಲಿನ ಬರೀ ಗಾರೆ ಬಿರುಕಲ್ಲ. ಆದ್ರೆ ಮೇಲೆ ಹೇಳಿದ ಮೂರು "ಇದ್ರೆ"ಗಳಲ್ಲಿ ಒಂದು ತಪ್ಪಿದ್ರೂ ಉತ್ತರ ಕಮ್ಮಿ ಬರುತ್ತೆ ಅಥವಾ ಅರ್ಥವೇ ಇಲ್ಲದ್ದು ಬರುತ್ತೆ. ತುಂಬಾ ಮುಖ್ಯದ ಜಾಗ ಆದ್ರೆ ಬಿರುಕಿನ ಮೇಲೇ ಒಂದು ಸಣ್ಣ ಕೋರ್ (ಕೊರೆದು ತೆಗೆಯೋ ಕಾಂಕ್ರೀಟ್ ತುಂಡು) ತೆಗೆಸಿ ಕಣ್ಣಲ್ಲಿ ನೋಡ್ಬಿಡಿ.

ರೀಡಿಂಗ್ ಬಿದ್ರೆ ಡ್ಯಾಮೇಜ್ ಜಾಸ್ತಿ ಆಗಿದೆ ಅಂತಾನಾ?

ಹಾಗೆ ಸೀದಾ ಹೇಳಕ್ಕಾಗಲ್ಲ, ಮೂರು ಸಂಗತಿ ಒಟ್ಟಿಗೇ ನಡೀತಿರುತ್ತೆ. ಸಿಮೆಂಟ್ ಇನ್ನೂ ಗಟ್ಟಿ ಆಗ್ತಾ ಇದ್ರೆ ವೇಗ ಏರುತ್ತೆ. ಆರ್ತಾ ಇದ್ರೆ ರಂಧ್ರದ ನೀರು ಹೋಗಿ ವೇಗ ಇಳಿಯುತ್ತೆ, ಅದು ಡ್ಯಾಮೇಜ್ ಅಲ್ಲ. ಮೈಕ್ರೋ ಕ್ರ್ಯಾಕ್ ಆದ್ರೂ ಇಳಿಯುತ್ತೆ, ಅದು ಡ್ಯಾಮೇಜ್. ಮೊದಲ ವರ್ಷ ಏರಿದ್ದೂ ಇಳಿದಿದ್ದೂ ಸಮ ಆಗಿ ನಂಬರ್ ಅಲುಗಾಡದೆ ನಿಂತಿರೋದೂ ಉಂಟು, ಏನೂ ಆಗಿಲ್ಲ ಅನ್ಕೊಂಡ್ರೆ ಕೆಟ್ವಿ.

ಬಿಡಿಸೋದು ಹೇಗೆ ಅಂದ್ರೆ, ಅದೇ ಕಾಂಕ್ರೀಟಲ್ಲಿ ಬಿರುಕು ಬರೋ ಚಾನ್ಸ್ ಇಲ್ಲದ ಒಂದು ಜಾಗ, ಕಣದ ಬಿಡಿ ಮೂಲೆ ಇರ್ಬಹುದು ಅಥವಾ ಕಾಂಕ್ರೀಟ್ ಹಾಕಿದ ದಿನವೇ ಪಕ್ಕದಲ್ಲಿ ಹಾಕಿಟ್ಟ ಒಂದು ಸಣ್ಣ ಬ್ಲಾಕ್ ಇರ್ಬಹುದು, ಅದರ ರೀಡಿಂಗನ್ನೂ ಪ್ರತಿ ಸಲ ತಗೊಳ್ಳಿ. ಎರಡೂ ಒಂದೇ ಲೆಕ್ಕದಲ್ಲಿ ಇಳಿದ್ರೆ ಆರಿದ್ದು, ಬಿರುಕಿನ ಜಾಗ ಮಾತ್ರ ಜಾಸ್ತಿ ಇಳಿದ್ರೆ ಡ್ಯಾಮೇಜ್. ಬ್ಲಾಕ್ ಸಣ್ಣದಾದಷ್ಟೂ ಬೇಗ ಆರುತ್ತೆ, ಹಾಗಾಗಿ ಆದಷ್ಟು ಕಣದ ದಪ್ಪದ್ದೇ ಹಾಕಿ, ಪಕ್ಕಗಳಿಗೆ ಪೇಂಟ್ ಬಳಿದು ಮುಚ್ಚಿ. ಗ್ರೀಸ್ ಹಚ್ಚೋದರಲ್ಲಿ, ಪ್ರೋಬ್ ಒತ್ತೋದರಲ್ಲಿ 1-2 ಪರ್ಸೆಂಟ್ ಆಟ ಇದ್ದೇ ಇರುತ್ತೆ, ಅಷ್ಟಕ್ಕೆ ತಲೆ ಕೆಡಿಸ್ಕೋಬೇಡಿ.

ಇನ್ನೂ ಸೂಕ್ಷ್ಮ ಬೇಕಂದ್ರೆ ವೇಗ ಮಾತ್ರ ಅಲ್ಲ, ಸಿಗ್ನಲ್ ಎಷ್ಟು ಜೋರಾಗಿ ಬಂತು ಅನ್ನೋದನ್ನೂ ನೋಡ್ಬೇಕು. 54 ಕಿಲೋಹರ್ಟ್ಜ್ ಶಬ್ದದ ಒಂದು ಅಲೆ ಕಾಂಕ್ರೀಟಲ್ಲಿ ಸುಮಾರು 74 ಮಿಲಿಮೀಟರ್ ಉದ್ದ, ಮೈಕ್ರೋ ಕ್ರ್ಯಾಕ್ ಅದರ ಮುಂದೆ ಏನೂ ಅಲ್ಲ, ಒಂದೊಂದಾಗಿ ಕಾಣಿಸಲ್ಲ, ಆದ್ರೆ ಎಲ್ಲಾ ಸೇರಿ ಶಬ್ದವನ್ನ ಚದುರಿಸಿ ಕುಂದಿಸ್ತವೆ, ವೇಗ ಬೀಳೋಕೆ ಮುಂಚೆ ಸಿಗ್ನಲ್ ಸೊರಗುತ್ತೆ. ಅಲೆಯ ಚಿತ್ರ ತೋರ್ಸೋ ಮೆಷಿನ್ ಇದ್ರೆ ಸೇವ್ ಮಾಡಿಸ್ಕೊಳ್ಳಿ.

ಟೈಲ್ಸ್, ಗಾರೆ, ಪೇಂಟ್ ಮೇಲೆ ಮಾಡ್ಬಹುದಾ?

ಬೇಡ. ಗಾರೆ ಒಳಗೆ ಪೊಳ್ಳು ಬಿಟ್ಟಿದ್ರೆ ಕಾಂಕ್ರೀಟಿನ ಮಾನ ಹೋಗುತ್ತೆ. ಪ್ರೋಬ್ ಇಡೋ ಜಾಗದಷ್ಟು ಕೆತ್ತಿಸಿ, ಉಜ್ಜಿ ನುಣ್ಣಗೆ ಮಾಡಿಸಿ, ಗ್ರೀಸೋ ಜೆಲ್ಲೋ ಹಚ್ಚಿ.

ಕಂಬಿ ಇದ್ರೆ ತೊಂದ್ರೆನಾ?

ಸ್ಟೀಲಲ್ಲಿ ಶಬ್ದ ಸೆಕೆಂಡಿಗೆ 5.9 ಕಿಲೋಮೀಟರ್ ತನಕ ಓಡುತ್ತೆ, ಕಂಬಿ ಉದ್ದಕ್ಕೆ ಪ್ರೋಬ್ ಇಟ್ರೆ ನಂಬರ್ ಸುಳ್ಳುಸುಳ್ಳೇ ಚೆನ್ನಾಗಿ ಬರುತ್ತೆ. ಕಂಬಿ ಎಲ್ಲಿದೆ ಅಂತ ಮೊದಲು ಲೊಕೇಟರಲ್ಲಿ ಹುಡುಕಿ ಅದರಿಂದ ದೂರ, ಇಲ್ಲಾ ಓರೆಯಾಗಿ ಇಡ್ಬೇಕು.

ಮೊಬೈಲ್ ಆ್ಯಪಲ್ಲಿ ಆಗಲ್ವಾ?

ಆಗಲ್ಲ.

ಟ್ಯಾಂಕಿನ ಬಿರುಕಲ್ಲಿ ಬೆಳ್ಳಗೆ ಸುಣ್ಣದ ಥರ ಬಂದಿದೆ, ಸೋರೋದೂ ನಿಂತಿದೆ. ಇದೇನು?

ಒಳ್ಳೇ ಸುದ್ದಿ. ಸಣ್ಣ ಬಿರುಕಲ್ಲಿ ನೀರು ಜಿನುಗ್ತಾ ಇದ್ರೆ ಸಿಮೆಂಟಿನ ಸುಣ್ಣ ಕರಗಿ ಬಂದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಾನೇ ಮುಚ್ಕೊಳ್ಳುತ್ತೆ. ಹೀಗಾದಾಗ ರೀಡಿಂಗ್ ವಾಪಸ್ ಏರೋದೂ ಉಂಟು. ಆದ್ರೆ ವರ್ಷಗಟ್ಟಲೆ ಬಿಳಿ ಗೆರೆ ಉದ್ದ ಆಗ್ತಾ ಒದ್ದೆಯಾಗೇ ಇದ್ರೆ ಅದು ಮುಚ್ಕೊಳ್ತಿಲ್ಲ, ಸುಣ್ಣ ಹೊರಗೆ ಹರಿದು ಹೋಗ್ತಿದೆ.

ವೇಗ ನೋಡಿ ಎಂ20 (ಕಾಂಕ್ರೀಟಿನ ಒಂದು ಸ್ಟ್ರೆಂತ್ ದರ್ಜೆ) ಇದೆಯಾ ಇಲ್ವಾ ಹೇಳ್ತಾರಾ?

ಹೇಳೋರು ಸಿಗ್ತಾರೆ, ನಂಬಬೇಡಿ. ಅದೇ ಕಾಂಕ್ರೀಟಿನ ಕೋರ್ ತೆಗೆದು ಒಡೆದು ನೋಡಿ ಹೊಂದಿಸದೇ ಇದ್ರೆ ವೇಗದಿಂದ ಸ್ಟ್ರೆಂತ್ ಬರಲ್ಲ.

ಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಇದೆ, 2018ರ ಮಳೆ ಆದ್ಮೇಲೆ ಗೋಡೆ ಬಿರುಕು ಬಿಟ್ಟಿದೆ. ಈ ಟೆಸ್ಟ್ ಮಾಡಿಸ್ಲಾ?

ದಯವಿಟ್ಟು ಇದಲ್ಲ. ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗಿರೋ ಬಿರುಕು, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ, ಬಾಗಿಲು ಕಿಟಕಿ ಹಿಡ್ಕೊಳ್ಳೋದು, ಅಂಗಳದಲ್ಲೂ ಅದೇ ಗೆರೆ ಮುಂದುವರಿದಿರೋದು, ಇವೆಲ್ಲಾ ಇದ್ರೆ ಕುಗ್ಗಿದ್ದು ಕಾಂಕ್ರೀಟ್ ಅಲ್ಲ, ಜರಗಿದ್ದು ನೆಲ. ಅದಕ್ಕೆ ಮಣ್ಣು ನೋಡೋ ಇಂಜಿನಿಯರ್ ಬೇಕು, ಮಳೆ ಜೋರಿದ್ರೆ ಮೊದಲು ಅಲ್ಲಿಂದ ಹೊರಡಿ. ಕುಗ್ಗುವಿಕೆ ಬಿರುಕು ಸಾಮಾನ್ಯವಾಗಿ ಸಣ್ಣದು, ಒಂದೇ ಅಗಲ, ಬಲೆ ಥರ ಅಥವಾ ಕಿಟಕಿ ಮೂಲೆಯಿಂದ ಓರೆಯಾಗಿ, ಉದ್ದ ಹಾಸಿದ್ದಕ್ಕೆ ಅಡ್ಡಡ್ಡ.

ಟೆಸ್ಟ್ ಮಾಡಕ್ಕೆ ಬಂದೋರು ಸರಿಯಾಗಿ ಮಾಡ್ತಿದಾರಾ ಹೇಗೆ ಗೊತ್ತಾಗೋದು?

ಶುರು ಮಾಡೋ ಮುಂಚೆ ಒಂದು ಸಣ್ಣ ಲೋಹದ ದಿಂಡಿನ ಎರಡೂ ತುದಿಗೆ ಪ್ರೋಬ್ ಇಟ್ಟು ಸೆಟ್ ಮಾಡ್ತಾರಾ ನೋಡಿ, ದಿಂಡಿನ ಮೇಲೆ ಬರೆದಿರೋ ಟೈಮೇ ಸ್ಕ್ರೀನಲ್ಲಿ ಬರ್ಬೇಕು. ಮಾಡದೇ ಇದ್ರೆ ಕೇಳಿ, ಕೇಳಿದ್ದಕ್ಕೆ ಸಿಟ್ಟಾದ್ರೆ ಕಾಫಿ ಕುಡಿಸಿ ಕಳಿಸಿ. ಒಂದು ಜಾಗದಲ್ಲಿ ಒಂದೇ ರೀಡಿಂಗ್ ತಗೊಂಡು ಮುಂದೆ ಹೋದ್ರೂ ಅಷ್ಟೇ. ರಿಪೋರ್ಟಲ್ಲಿ ಗುರುತಿನ ನಕ್ಷೆ, ಪ್ರೋಬ್ ಇಟ್ಟ ವಿಧಾನ, ಟೈಮ್, ದೂರ, ತಾರೀಖು, ಅವತ್ತು ಮೇಲ್ಮೈ ಒದ್ದೆನಾ ಒಣಗಿತ್ತಾ, ಹಿಂದಿನ ವಾರ ಮಳೆ ಇತ್ತಾ, ಇಷ್ಟೂ ಇರ್ಬೇಕು. ಕೊನೇ ಎರಡು ಸಾಮಾನ್ಯವಾಗಿ ಯಾರೂ ಬರೆಯಲ್ಲ, ನೀವೇ ಕೈಯಲ್ಲಿ ಬರ್ಕೊಳ್ಳಿ. ತೋಟದಲ್ಲಿ ಮಳೆ ಲೆಕ್ಕದ ಪುಸ್ತಕ ಹೇಗೂ ಇರುತ್ತಲ್ಲ, ಅದರಲ್ಲೇ ಆಯ್ತು.

ಹೊಸ ಕಣ ಹಾಕೋದಿದೆ, ಬಿರುಕೇ ಬರದ ಹಾಗೆ ಮಾಡಕ್ಕಾಗುತ್ತಾ?

ಬರದ ಹಾಗೆ ಆಗಲ್ಲ, ನಾವು ಹೇಳಿದ ಜಾಗದಲ್ಲಿ ಬರೋ ಹಾಗೆ ಮಾಡ್ಬಹುದು. ದಪ್ಪದ 24ರಿಂದ 36 ಪಟ್ಟು ದೂರಕ್ಕೊಂದು ಜಾಯಿಂಟ್, ನಾಲ್ಕಿಂಚಿಗೆ 8ರಿಂದ 12 ಅಡಿ. ಕಟ್ಟರಲ್ಲಿ ಕೊಯ್ಯೋದಾದ್ರೆ ದಪ್ಪದ ಕಾಲು ಭಾಗ ಆಳ, ಮಾರನೇ ದಿನದೊಳಗೆ, ವಾರ ಬಿಟ್ಟು ಕೊಯ್ಯಕ್ಕೆ ಬಂದ್ರೆ ಅಷ್ಟರಲ್ಲಿ ಕಾಂಕ್ರೀಟ್ ತನ್ನ ಜಾಗ ತಾನೇ ನೋಡ್ಕೊಂಡಿರುತ್ತೆ. ಬೆಳಿಗ್ಗೆ ಬೇಗ ಇಲ್ಲಾ ಸಂಜೆ ಹಾಕಿ, ಹಾಕಿದ ತಕ್ಷಣ ಪ್ಲಾಸ್ಟಿಕ್ ಹೊದಿಸಿ. ಕ್ಯೂರಿಂಗ್ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಥರದ್ದು ಬೆರೆಸಿದ ಸಿಮೆಂಟ್) ಥರದ್ದಕ್ಕೆ ಕನಿಷ್ಠ 10. ಈಗ ಅಂಗಡೀಲಿ ಸಿಗೋದು ಹೆಚ್ಚಾಗಿ ಪಿಪಿಸಿನೇ, ಹಾಗಾಗಿ 10 ಅಂತಾನೇ ಇಟ್ಕೊಳ್ಳಿ, 14 ಆದ್ರೆ ಇನ್ನೂ ಒಳ್ಳೇದು. ಗೋಣಿಚೀಲ ಹಾಸಿ ಒದ್ದೆ ಇಡಿ, ಬೆಳಿಗ್ಗೆ ಒಂದು ಸಲ ಪೈಪಲ್ಲಿ ಚಿಮುಕಿಸಿ ಹೋಗೋದು ಕ್ಯೂರಿಂಗ್ ಅಲ್ಲ.

ಬಿರುಕಿಗೆ ಎಪಾಕ್ಸಿ ತುಂಬಿಸಿದೀವಿ. ತುಂಬಿದೆಯಾ ಅಂತ ಇದರಲ್ಲಿ ನೋಡ್ಬಹುದಾ?

ನೋಡ್ಬಹುದು, ಈ ಟೆಸ್ಟ್ ನಿಜವಾಗ್ಲೂ ಕೈ ಹಿಡಿಯೋ ಕೆಲಸಗಳಲ್ಲಿ ಇದೂ ಒಂದು. ತುಂಬಿಸೋ ಮುಂಚೆ ಒಂದು ರೀಡಿಂಗ್, ಎಪಾಕ್ಸಿ ಪೂರ್ತಿ ಗಟ್ಟಿಯಾದ ಮೇಲೆ ಅದೇ ಗುರುತಲ್ಲಿ ಇನ್ನೊಂದು. ಟೈಮು ಬಿರುಕಿಲ್ಲದ ಪಕ್ಕದ ಜಾಗದ ಹತ್ತಿರ ಬಂದ್ರೆ ಒಳಗೆ ತುಂಬಿದೆ, ಹಾಗೇ ಇದ್ರೆ ಬರೀ ಬಾಯಿ ಮುಚ್ಚಿದಾರೆ. ಕಾಂಟ್ರಾಕ್ಟರ್ ಕೊನೇ ಬಿಲ್ ಪಾಸ್ ಮಾಡೋ ಮುಂಚೆ ಮಾಡಿಸಿ, ಎರಡೂ ರೀಡಿಂಗ್ ಒಣ ದಿನದ್ದೇ ಇರ್ಲಿ.